ಸೋದರಮಾವನ ತೊಡೆಯ ಮೇಲೆ

ಶಿರಸಿ, ಆಸ್ಪತ್ರೆಯಿಂದ
೨೧ ನವೆಂಬರ್ ೨೦೨೪, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಬನವಾಸಿಗೆ ಸುಸೂತ್ರವಾಗಿ ಮುಟ್ಟಿದೆ ತಾನೇ? ಬೆಳಿಗ್ಗೆಯ ಮಂಜಿನಲ್ಲಿ ಅಷ್ಟು ದೂರ ಸ್ಕೂಟರ್ ಓಡಿಸಿಕೊಂಡು ಬಂದವನು ಒಂದು ಲೋಟ ಚಹಾ ಕೂಡ ಕುಡಿಯದೆ ಹೊರಟುಹೋದೆ. ಕಾಲಿಗೆ ಕಟ್ಟುವ ಪಟ್ಟಿ ಉಜ್ಜಿ ಗಾಯವಾಗಿತ್ತಲ್ಲ, ಮಾಯಿತೇ? ಅತ್ತಿಗೆ ಹೇಗಿದ್ದಾರೆ? ಅವರು ಕಳಿಸಿದ ಮೆಣಸಿನ ಸಾರು ಫ್ಲಾಸ್ಕಿನಲ್ಲಿ ಇನ್ನೂ ಬಿಸಿಯಾಗಿಯೇ ಇದೆ. ನಾನು ಮುಟ್ಟಿಲ್ಲ. ಇದನ್ನು ಅತ್ತಿಗೆಗೆ ಹೇಳಬೇಡ, ಚೆನ್ನಾಗಿತ್ತಂತೆ ಎಂದು ಹೇಳು.

ನಾನು ಆರಾಮ. ಮಗುವೂ ಆರಾಮ, ಹಸಿವಾದರೆ ಇಡೀ ವಾರ್ಡು ಎದ್ದು ಕೂರುವ ಹಾಗೆ ಅಳುತ್ತಾನೆ. ಮೂಗು ಥೇಟ್ ನಿನ್ನದೇ ಎಂದು ಅತ್ತೆ ಹೇಳುತ್ತಾರೆ. ಹಾಗಾದರೆ ಪಾಪ, ಅವನನ್ನು ದೇವರೇ ಕಾಪಾಡಬೇಕು. ಮೈ ತುಸು ಹಳದಿ ಕಾಣುತ್ತದೆ, ನಾಳೆ ಇನ್ನೊಮ್ಮೆ ನೋಡಿ ಕಳಿಸುತ್ತೇವೆ ಎಂದು ಡಾಕ್ಟರು ಇವತ್ತಿನ ಡಿಸ್‌ಚಾರ್ಜ್ ತಡೆದರು. ಹೆದರುವಂಥದ್ದೇನಲ್ಲವಂತೆ. ನೀನು ಹೋದಮೇಲೆ ಎಷ್ಟೋ ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತಿದ್ದರೂ ನಾನು ಅತ್ತುಬಿಡುತ್ತಿದ್ದೆ, ನೀನು "ಇರ್ಲಿ ಬಿಡವಾ" ಅನ್ನುತ್ತಿದ್ದೆ, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಪಕ್ಕದ ಮಂಚದ ಸೊಸೆಯನ್ನು ನೋಡಲು ಬಂದ ಮುರಿಗೆವ್ವ ನಿಮ್ಮ ಬೀದಿಯವರೇ, ಸುಭಾಷನ ಮನೆ ಗೊತ್ತು ಅಂದರು. ಸಂಜೆಯ ಬಸ್ಸಿಗೆ ಅವರು ಹೊರಡುವುದರೊಳಗೆ ಇದನ್ನು ಬರೆದು ಅವರ ಕೈಗೆ ಕೊಡುತ್ತೇನೆ.

ಬೆಳಿಗ್ಗೆ ಆದದ್ದಕ್ಕೆ ಮೊದಲು ಇಷ್ಟು ನಡೆದಿತ್ತು, ಕೇಳು. ಮಗು ಹುಟ್ಟಿದ ದಿನವೇ ಸಿಸ್ಟರ್ ಲಸಿಕೆ ಹಾಕಲು ಬಂದಿದ್ದರು. ಅತ್ತೆ ತಡೆದರು. ತ್ಯಾಗಲಿಯ ನಮ್ಮ ಮನೆಯಲ್ಲಿ ಮಗುವಿನ ಮೈಗೆ ಮೊದಲು ತಾಗುವುದು ಕಿವಿ ಚುಚ್ಚುವ ಚಿನ್ನವೇ ಆಗಬೇಕಂತೆ, ಅದೂ ಸೋದರಮಾವನ ತೊಡೆಯ ಮೇಲೆ. ತೊಟ್ಟಿಲ ಶಾಸ್ತ್ರದ ದಿನ ಅದು ಮುಗಿಯಲಿ, ಆಮೇಲೆ ಬೇಕಾದ್ದು ಚುಚ್ಚಿಸಿ ಎಂದರು. ಇವರು ಕೆಲಸದ ಮೇಲೆ ಯಲ್ಲಾಪುರದಲ್ಲಿದ್ದಾರೆ, ಫೋನಿನಲ್ಲಿ ಕೇಳಿದರೆ "ಅಮ್ಮ ಹೇಳ್ದಂಗೆ ಮಾಡು" ಎಂದರು. ಅತ್ತೆಯದು ಕೆಟ್ಟ ಬುದ್ಧಿಯಲ್ಲ ಅಣ್ಣಾ. ಚಿಕ್ಕಮ್ಮನ ಮೊಮ್ಮಗಳ ಕಿವಿ ಚುಚ್ಚುವಾಗ ನಿನ್ನ ಕಾಲು ನೋಡಿ ಬೇರೆಯವರನ್ನು ಕೂರಿಸಿದ್ದರಲ್ಲ, ಆ ಕಥೆ ಕೇಳಿ ಕೆಂಡಾಮಂಡಲವಾಗಿ "ನಮ್ಮನೇಲಿ ಅವ್ನೇ ಕೂರದು" ಎಂದವರು ಇವರೇ. ಅದನ್ನು ಕೇಳಿ ನೀನು ಮಗು ಹುಟ್ಟುವ ಮೊದಲೇ ಚಿನ್ನದ ತಂತಿ ಮಾಡಿಸಿಟ್ಟೆ ಎಂದು ಅತ್ತಿಗೆ ಗುಟ್ಟಾಗಿ ಹೇಳಿದ್ದಾರೆ.

ಅತ್ತೆಗೆ ಗೊತ್ತಿರಲಿಲ್ಲ, ಸರಿ. ನನಗೆ? ನಾನು ಊರಿನ ಅಂಗನವಾಡಿ ಟೀಚರು. ಪೋಲಿಯೋ ಭಾನುವಾರ ಬಂದರೆ ಎಲ್ಲರಿಗಿಂತ ಮೊದಲು ಬೂತಿನಲ್ಲಿ ಕೂತು ಊರ ಮಕ್ಕಳ ಕಿರುಬೆರಳಿಗೆಲ್ಲ ಮಸಿ ಹಚ್ಚುವವಳು. ಬಾರದವರ ಮನೆಬಾಗಿಲಿಗೇ ಹೋಗಿ ಜಗಳ ತೆಗೆಯುವವಳು. ನಿನಗೆ ಹೇಳದೇ ಇದ್ದ ಮಾತೊಂದಿದೆ. ಆ ಜಗಳದಲ್ಲಿ ನನ್ನ ಮಾತು ನಡೆಯದಿದ್ದರೆ ಪೋಲಿಯೋ ಬಡಿದ ನಿನ್ನ ಕಾಲನ್ನು ಮುಂದೆ ಮಾಡುತ್ತೇನೆ. "ನಮ್ಮಣ್ಣನ್ನ ನೋಡಿದೀರಲ್ಲ" ಅಂದರೆ ಸಾಕು, ತಾಯಂದಿರು ಮಗುವನ್ನು ಎತ್ತಿಕೊಂಡು ಹಿಂದೆಯೇ ಬರುತ್ತಾರೆ. ನಿನ್ನನ್ನು ಒಂದು ಮಾತು ಕೇಳದೆ ನಿನ್ನ ಕಾಲನ್ನು ಊರಿಗೆಲ್ಲ ತೋರಿಸಿಕೊಂಡು ಬಂದಿದ್ದೇನೆ.

ಅಂಥವಳು ಅತ್ತೆಯ ಎದುರು ತುಟಿ ಬಿಚ್ಚಲಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಮಗುವಾಗಿದೆ, ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ, ಒಳ್ಳೆಯ ಸೊಸೆ ಅನ್ನಿಸಿಕೊಂಡಿದ್ದೇ ಈಗ. ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ, ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಬೆಳಿಗ್ಗೆ ನೀನು ಒಳಗೆ ಬರುವ ಹೊತ್ತಿಗೆ ಸಿಸ್ಟರ್, ಮನೆಗೆ ಹೋಗುವ ಮೊದಲು ಏನಾದರೊಂದು ಹೇಳಿ ಎಂದು ಕೇಳುತ್ತಿದ್ದರು. ಅತ್ತೆ ನಿನ್ನತ್ತ ತಿರುಗಿ "ಇದು ನಿನ್ನ ಮರ್ಯಾದೆ ಅಲ್ದಾ, ನೀನೇ ಹೇಳು" ಎಂದರು. ನೀನು ನನ್ನ ಮುಖ ನೋಡಿದೆ. ಸೂಜಿ ಬೇಡದಿದ್ದರೆ ಬಿಡಿ, ಪೋಲಿಯೋ ಹನಿಯನ್ನಾದರೂ ಹಾಕುತ್ತೇನೆ, ಅದಕ್ಕೆ ಚುಚ್ಚುವುದೇ ಇಲ್ಲವಲ್ಲ ಎಂದರು ಸಿಸ್ಟರ್. ಆಗ ನಾನು, ನಿನ್ನೆದುರಿಗೇ, ಎಲ್ಲ ಒಟ್ಟಿಗೇ ಆಮೇಲೆ ಹಾಕಿಸಿದರಾಯಿತು ಎಂದುಬಿಟ್ಟೆ.

ಬಾಯಿಂದ ಬಿದ್ದಮೇಲೆ ಗೊತ್ತಾಯಿತು ಅದು ಯಾರ ಮಾತೆಂದು. ಅವ್ವ ಸಾಯುವ ತನಕ ಅದನ್ನೇ ಹೇಳಿಕೊಂಡು ಅಳುತ್ತಿದ್ದಳಲ್ಲ, "ಸುಗ್ಗಿ ಮುಗೀಲಿ, ಆಮ್ಯಾಲ ಹಾಕ್ಸಿದ್ರಾತು ಅಂದ್ನೆಲ್ಲೋ ಮಗನ" ಎಂದು. ಅವ್ವನಿಗೆ ತಿಳಿಸಿ ಹೇಳುವವರು ಇರಲಿಲ್ಲ, ಮೈತುಂಬ ಕೆಲಸವಿತ್ತು. ನನಗೆ ಯಾವ ಸುಗ್ಗಿ ಇತ್ತು ಅಣ್ಣಾ? ನೀನು ಫ್ಲಾಸ್ಕನ್ನು ಮೇಜಿನ ಮೇಲಿಟ್ಟೆ, ಮಗುವನ್ನು ಮುಟ್ಟಲೂ ಇಲ್ಲ, ಹೊರಟೆ. ನೀನು ಮೆಟ್ಟಿಲಿಳಿಯುವ ಸದ್ದು ನನಗೆ ಚಿಕ್ಕಂದಿನಿಂದ ಗೊತ್ತು, ಮೊದಲು ಕೋಲು, ಆಮೇಲೆ ಕಾಲು. ಇವತ್ತು ಕೇಳಲಾರದೆ ಕಿವಿ ಮುಚ್ಚಿಕೊಂಡೆ. ನಾಚಿಕೆಯಾಗುತ್ತದೆ. ಇನ್ನು ಯಾವ ಮುಖ ಹೊತ್ತು ಆ ಮನೆಗಳ ಬಾಗಿಲು ತಟ್ಟಲಿ? ನಿನಗೆ ಯಾವ ಮುಖ ತೋರಿಸಲಿ?

ಕ್ಷಮಿಸು ಎನ್ನಲೂ ಬಾಯಿ ಬರುತ್ತಿಲ್ಲ. ಬೈಯಬೇಕು ಅನ್ನಿಸಿದರೆ ಬೈ, ಸುಮ್ಮನೆ ಮಾತ್ರ ಇರಬೇಡ. ಗಾಯಕ್ಕೆ ಎಣ್ಣೆ ಹಚ್ಚು. ಅತ್ತಿಗೆಗೆ ನನ್ನ ನಮಸ್ಕಾರ.

ನಿನ್ನ ತಂಗಿ,
ಅನುಶ್ರೀ

ತಾ. ಕ.: ಮುರಿಗೆವ್ವ ಚೀಲ ಹಿಡಿದು ನಿಂತಿದ್ದಾರೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಇಷ್ಟು ಬರೆದು ಮುಗಿಸಿದಮೇಲೆ ಅವ್ವನ ಮಾತನ್ನು ಅತ್ತೆಗೆ ಹೇಳಿದೆ. ಅವರು ತಾವೇ ಹೋಗಿ ಸಿಸ್ಟರನ್ನು ಕರೆತಂದರು. ಹನಿ ಹಾಕಿಸಿದೆ. ಚಪ್ಪರಿಸಿ ನುಂಗಿದ. ನಾನು ರೂಢಿಯಂತೆ ಅವನ ಕಿರುಬೆರಳು ಹಿಡಿದು ಮಸಿ ಹಚ್ಚುವ ಪೆನ್ನು ಹುಡುಕಿದೆ ನೋಡು. ಇನ್ನು ಸೂಜಿ ಎರಡಿವೆ, ನಾಳೆ ಬೆಳಿಗ್ಗೆ ಹಾಕುತ್ತಾರೆ. ಚಿನ್ನದ ಮಾತನ್ನು ಅತ್ತೆ ಬಿಟ್ಟಿದ್ದಾರೆ, ಸೂಜಿಯಾದರೂ ಸೋದರಮಾವನ ತೊಡೆಯ ಮೇಲೇ ಆಗಲಿ ಎಂಬುದನ್ನು ಬಿಟ್ಟಿಲ್ಲ. ನಾನೂ ಬಿಡುವುದಿಲ್ಲ. ನೀನು ಬಾರದಿದ್ದರೂ ಹಾಕಿಸುತ್ತೇನೆ, ಅದನ್ನಿನ್ನು ಮುಂದೆ ತಳ್ಳುವುದಿಲ್ಲ. ಆದರೆ ಬಾ. ಮಂದಿ ಕಂಡರೆ ಆ ಕಾಲನ್ನು ಪಂಚೆಯೊಳಗೆ ಮಡಚಿ ಕೂರುತ್ತೀಯಲ್ಲ, ನಾಳೆ ಹಾಗೆ ಕೂರಬೇಡ. ಇಷ್ಟು ದಿನ ನಿನ್ನನ್ನು ಕೇಳದೆ ಅದನ್ನು ಊರಿಗೆ ತೋರಿಸಿದೆ. ಈಗ ಕೇಳುತ್ತಿದ್ದೇನೆ ಅಣ್ಣಾ, ಆ ಕಾಲಿನ ತೊಡೆಯ ಮೇಲೆಯೇ ಮಗುವನ್ನು ಮಲಗಿಸಿಕೊಳ್ಳುತ್ತೀಯಾ?