ಕೇಳದೆ ಎತ್ತಿದ್ದು

ಅಕ್ಕಾ,

ಹಂಗಾರಕಟ್ಟೆ ಮುಟ್ಟಿದೆ. ದಾರಿಯಲ್ಲಿ ಬ್ರಹ್ಮಾವರದಲ್ಲಿ ನಿನ್ನ ಕಾಲಿನ ಎಣ್ಣೆ ಕೊಂಡೆ.

ಇಲ್ಲಿ ಮೀನುಗಾರರ ಮನೆಯ ಸರಸಕ್ಕ ನಲವತ್ತು ವರ್ಷದಿಂದ, ನಡೆಯಲಾಗದವರಿಗೆ, ಕಣ್ಣು ಕಾಣದವರಿಗೆ ಬಿಟ್ಟಿಯಾಗಿ ದೋಣಿ ನಡೆಸಲು ಕಲಿಸುತ್ತಿದ್ದಾರೆ. ಮೊದಲು ಪಾತಿದೋಣಿ, ಈಗ ಕಯಾಕ್ ಎಂಬ, ಸಮುದ್ರಕ್ಕಿಳಿಯುವ ಕಿರಿದಾದ ಹಗುರ ದೋಣಿ. ಸಹಾಯಕ್ಕೆಂದು ಬಂದ ನಾನು, ಗಾಲಿಕುರ್ಚಿಯಲ್ಲಿದ್ದ ಹೆಂಗಸೊಬ್ಬರನ್ನು ಬಂದವನೇ ಎತ್ತಿ ಕಯಾಕಿನಲ್ಲಿ ಕೂರಿಸಿಬಿಟ್ಟೆ. ಸರಸಕ್ಕ ಕಣ್ಸನ್ನೆ ಮಾಡಿದರು. ನಾಲ್ವರು ಬಂದು ನನ್ನನ್ನು ಅಕ್ಕಿಮೂಟೆಯಂತೆ ಎತ್ತಿಕೊಂಡು ಹೋಗಿ ಇನ್ನೊಂದರಲ್ಲಿ ಇಳಿಸಿದರು. ಎಲ್ಲರೆದುರು ಪಂಚೆ ತೊಡೆಯ ಮೇಲಕ್ಕೆ ಸರಿಯಿತು.

"ಹ್ಯಾಂಗಾಯ್ತ್ ಹ್ವಾಯ್? ಇನ್ ಯಾರನ್ನೂ ಕೇಣ್ದೆ ಎತ್ಬೇಡಿ," ಎಂದರು ಸರಸಕ್ಕ.

ಇಪ್ಪತ್ತು ವರ್ಷದಿಂದ ನಿನ್ನನ್ನು ಎತ್ತುತ್ತಿದ್ದೇನೆ. ಒಂದು ದಿನವೂ ಕೇಳಲಿಲ್ಲ. ಮದುವೆಮನೆಗಳಲ್ಲಿ ನಾನು ಎತ್ತುವಾಗ ನೀನು ಸೀರೆಯ ಅಂಚನ್ನು ಯಾಕೆ ಮುಷ್ಟಿಯಲ್ಲಿ ಬಿಗಿ ಹಿಡಿದಿರುತ್ತಿದ್ದೆ ಎಂದು ಇವತ್ತು ತಿಳಿಯಿತು.

ತಮ್ಮ,
ಜಿತೇಂದ್ರ