ನಮ್ಮತ್ತೆಯ ಮುಖ ನಮ್ಮತ್ತೆಯದೇ ಎಂದು ರುಜುವಾತುಪಡಿಸುವ ಬಗ್ಗೆ

ಆನ್‌ಲೈನ್ ಮಾರುಕಟ್ಟೆ ಕಂಪನಿಯ ಮಾರಾಟಗಾರರ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೀವು ನಮ್ಮ ಅಂಗಡಿ ಮುಚ್ಚಿದ್ದೀರಿ. ನಾವು ಬೇರೊಬ್ಬ ಮಾರಾಟಗಾರರ ಚಿತ್ರವನ್ನು ಕದ್ದು ಬಳಸಿದ್ದೇವೆ ಎಂಬುದು ನೀವು ಕೊಟ್ಟ ಕಾರಣ. ಆ ಚಿತ್ರದಲ್ಲಿ ಅಂಗಳದಲ್ಲಿ ಕೂತು ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಿರುವ ಹೆಂಗಸು ನನ್ನ ಅತ್ತೆ ಹನುಮಂತಮ್ಮ. ಅಂಗಳ ನಮ್ಮದು. ಹಿಂದೆ ಬಾಲ ಮಾತ್ರ ಕಾಣುವ ಎಮ್ಮೆಯೂ ನಮ್ಮದು. ಚಿತ್ರ ತೆಗೆದವಳು ನಾನು. ಇಷ್ಟಾದ ಮೇಲೂ ಕಳ್ಳಿ ನಾನೇ ಎಂದು ಕಂಡುಹಿಡಿದ ನಿಮ್ಮ ನ್ಯಾಯಬುದ್ಧಿಗೆ ಬಿಳಿಗೆರೆಯಿಂದ ಒಂದು ನಮಸ್ಕಾರ.

ಪೂರ್ತಿ ಓದುವ ರೂಢಿ ನಿಮ್ಮ ಕಚೇರಿಯಲ್ಲಿ ಇದ್ದಂತಿಲ್ಲ. ಅದಕ್ಕೇ ಈ ಸಲ ಪತ್ರಿಕೆಯಲ್ಲಿ, ನಾಲ್ಕು ಜನರೆದುರಿಗೆ ಬರೆಯುತ್ತಿದ್ದೇನೆ. ೨೦೦೬ರಲ್ಲಿ ನಿಮ್ಮ ಕಂಪನಿಯವರು ತಿಪಟೂರಿನ ಕಲ್ಯಾಣಮಂಟಪದಲ್ಲಿ ಸಭೆ ನಡೆಸಿದರು. ಇನ್ನು ಮಂಡಿ ಬೇಡ, ದಲ್ಲಾಳಿ ಬೇಡ, ಮನೆಯಲ್ಲಿ ಕೂತು ಇಡೀ ದೇಶಕ್ಕೆ ಮಾರಿ ಎಂದು ಟೈ ಕಟ್ಟಿದವರೊಬ್ಬರು ಹೇಳಿದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ನಮ್ಮ ಯಜಮಾನರು ಕಾಂತೇಶ್ ನಕ್ಕರು. "ಮುಟ್ಟಿ ನೋಡ್ದೆ ಕೊಬ್ರಿ ಕೊಳ್ಳೋರು ಯಾರವ್ರೆ ಕಣೇ?" ಅತ್ತೆ ಮಾತ್ರ ನನ್ನ ಕಡೆ ನಿಂತರು. "ಮಾಡ್ಲಿ ಬುಡು. ಯಾರೂ ಕೊಳ್ದಿದ್ರೆ ಕೊಬ್ರಿ ಎಲ್ಲಿಗೋದಾತು, ಅಟ್ಟದ ಮೇಲೇ ಇರ್ತದೆ."

ತಿಪಟೂರಿನಲ್ಲಿ ಇಂಟರ್ನೆಟ್ ಸೆಂಟರ್ ಇಟ್ಟುಕೊಂಡಿರುವ ಬಸವರಾಜು ಅವರ ಕ್ಯಾಮೆರಾ ಎರವಲು ತಂದು ಆ ಚಿತ್ರ ತೆಗೆದೆ. ಅತ್ತೆ ಅಂದು ತಮ್ಮ ಅಕ್ಕ ಕೊಟ್ಟಿದ್ದ ಹಸಿರು ಸೀರೆ ಉಟ್ಟಿದ್ದರು. ನಗಿ ಎಂದರೆ ನಗಲಿಲ್ಲ, ಮಚ್ಚು ಹಿಡಿದವರು ನಗುತ್ತಾರೇನು ಎಂದು ಗದರಿಸಿದರು. ಆ ಗದರುವ ಮುಖವೇ ಜನಕ್ಕೆ ಹಿಡಿಸಿತು. ಪುಣೆಯಲ್ಲಿರುವ ರಾಮಲಕ್ಷ್ಮಮ್ಮ ಎಂಬ ಗೃಹಿಣಿ, "ಆ ಅಜ್ಜಿ ಮುಖ ನೋಡಿ ನಂಬಿಕೆ ಬಂತು" ಎಂದು ಬರೆದಿದ್ದರು. ಅದನ್ನು ಅತ್ತೆ ನನ್ನಿಂದ ಮತ್ತೆ ಮತ್ತೆ ಓದಿಸಿದರು.

ನಿಮ್ಮ ಪ್ರತಿಭೆಯ ಮೊದಲ ಪರಿಚಯ ನಮಗಾದದ್ದು, ಒಣಕೊಬ್ಬರಿಯೊಳಗೆ ನೀರಿಲ್ಲವೆಂದು ಯಾರೋ ದೂರಿದಾಗ. ಗ್ರಾಹಕರ ಕ್ಷಮೆ ಕೇಳಿ ಎಂದು ಅಪ್ಪಣೆ ಕೊಡಿಸಿದಿರಿ. ಒಣಗಿದ್ದು ಒಣಗಿತ್ತೆಂದು ಕ್ಷಮೆ ಕೇಳಿದೆವು. ಆಮೇಲೆ ನಿಮ್ಮಲ್ಲೇ ಕೊಬ್ಬರಿ ಮಾರುವ ಒಂದು ದೊಡ್ಡ ಕಂಪನಿ ನಮ್ಮತ್ತೆಯ ಅದೇ ಚಿತ್ರವನ್ನು ಎತ್ತಿ ತನ್ನ ಪೊಟ್ಟಣಕ್ಕೆ ಅಂಟಿಸಿತು. ದೂರು ಕೊಟ್ಟೆ. ಚಿತ್ರದ ಒಡೆತನಕ್ಕೆ ಪುರಾವೆ ಕೇಳಿದಿರಿ. ಪೊಲೀಸರು ಕಳ್ಳರ ಫೋಟೋ ತೆಗೆಯುವ ಹಾಗೆ ಅತ್ತೆಯನ್ನು ಎದುರಿಗೆ, ಎಡಕ್ಕೆ, ಬಲಕ್ಕೆ ನಿಲ್ಲಿಸಿ ತೆಗೆದು ಕಳಿಸಿದೆ. ನಿಮ್ಮ ಉತ್ತರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು: ಈ ಹೊಸ ಚಿತ್ರಗಳಲ್ಲಿರುವ ಮುಖವೂ ಆ ಕಂಪನಿಯ ಚಿತ್ರವನ್ನೇ ಹೋಲುವುದರಿಂದ ಇದು ಎರಡನೆಯ ಅಪರಾಧ! ಅಂಗಡಿ ಬಂದ್.

ಸ್ವಾಮಿ, ಹೋಲದೆ ಇನ್ನೇನು ಮಾಡಬೇಕಿತ್ತು? ಅತ್ತೆ ಬೇರೆ ಮುಖ ತರಬೇಕಿತ್ತೇ?

ಅಷ್ಟಕ್ಕೇ ಮುಗಿದಿದ್ದರೆ ಮಂಡಿಗೆ ವಾಪಸಾಗಿ ಸುಮ್ಮನಿರುತ್ತಿದ್ದೆವು. ಒಂದು ಬೆಳಿಗ್ಗೆ, ನಮ್ಮ ಹಳೆಯ ಪೊಟ್ಟಣದ ಮೇಲಿದ್ದ ನಂಬರು ಹಿಡಿದು ರಾಮಲಕ್ಷ್ಮಮ್ಮನವರ ಫೋನ್ ಬಂತು. ಅತ್ತೆಯೇ ಎತ್ತಿಕೊಂಡರು.

"ನಿಮ್ಮ ಮುಖ ನೋಡಿ ತಾನೇ ತರಿಸಿದ್ದು? ಮಗಳ ಮಡಿಲು ತುಂಬೋಕೆ ಕಮಟು ಕೊಬ್ಬರಿ ಕಳಿಸಿದ್ದೀರಲ್ಲ, ಬೀಗರ ಮುಂದೆ ನನ್ನ ಮರ್ಯಾದೆ ಏನಾಗಬೇಕು?"

ಅವರು ಕೊಂಡದ್ದು ಆ ಕಂಪನಿಯ ಪೊಟ್ಟಣ. ಅದನ್ನು ಹೇಳೋಣವೆಂದು ಫೋನಿಗೆ ಕೈಚಾಚಿದೆ. ಅತ್ತೆ ಕೊಡಲಿಲ್ಲ. "ತೆಪ್ಪಾಯ್ತು ಕಣವ್ವ" ಎಂದರು. ಅಟ್ಟ ಹತ್ತಿ ತಾವೇ ಕಾಯಿ ಆರಿಸಿ, ಒಡೆದು, ಒಳ್ಳೆಯ ಕೊಬ್ಬರಿಯನ್ನು ಪಾರ್ಸೆಲ್ ಮಾಡಿಸಿದರು. ನಾನು ರೇಗಿದೆ. ನಮ್ಮದಲ್ಲದ ತಪ್ಪಿಗೆ ನೀವ್ಯಾಕೆ ತಲೆಬಾಗಬೇಕು ಎಂದೆ.

"ಮೊಕ ನಂದು ತಾನೇ? ಆಯಮ್ಮ ಇನ್ಯಾರ್ನ ಬೈಬೇಕು?"

ಮಾರನೆಯ ವಾರ ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ನಿಮ್ಮ 'ಸಣ್ಣ ವ್ಯಾಪಾರಿಗಳ ಹಬ್ಬ'. ಮುಖವನ್ನು ಖುದ್ದಾಗಿ ತೋರಿಸೋಣವೆಂದು ಅತ್ತೆಯನ್ನು ಕರೆದುಕೊಂಡು ರೈಲು ಹತ್ತಿದೆ. ಬಾಗಿಲಲ್ಲೇ ಆಳೆತ್ತರದ ಬ್ಯಾನರ್. ಅದರಲ್ಲಿ ಯಾರು? ಹಸಿರು ಸೀರೆಯ ಹನುಮಂತಮ್ಮ! ಕೆಳಗೆ 'ನಮ್ಮ ಹೆಮ್ಮೆ' ಎಂಬ ಬರಹ. ಮೇಜಿನ ಹಿಂದಿದ್ದ ನಿಮ್ಮ ಅಧಿಕಾರಿಣಿ ಕಂಪ್ಯೂಟರ್ ನೋಡಿ, "ನಿಮ್ಮ ಅಂಗಡಿ ರದ್ದಾಗಿದೆ ಮೇಡಂ, ಒಳಗೆ ಬಿಡೋಕಾಗಲ್ಲ" ಎಂದರು.

"ಇವರು ಯಾರು ಹೇಳಿ" ಎಂದು ಬ್ಯಾನರ್ ತೋರಿಸಿದೆ.

ಆಕೆ ಬ್ಯಾನರ್ ನೋಡಿದರು. ಅತ್ತೆಯನ್ನು ನೋಡಿದರು. ಗುರುತು ಹತ್ತಿತು, ಅದು ಅವರ ಕಣ್ಣಲ್ಲೇ ಕಂಡಿತು. ಆದರೂ, "ಅದು ಯಾರೋ ಮಾಡೆಲ್ ಮೇಡಂ" ಎಂದರು.

"ಏನಂದ್ಲು ಕಣೇ?"

"ಅದು ನೀವಲ್ವಂತೆ ಅತ್ತೆ."

ಅತ್ತೆ ಕೂಗಾಡಲಿಲ್ಲ. ಹತ್ತಿರ ಹೋಗಿ ಬ್ಯಾನರಿನ ಸೆರಗನ್ನು ಮುಟ್ಟಿದರು. "ಇದು ನಮ್ಮಕ್ಕ ಲಕ್ಷ್ಮಕ್ಕನ ಸೀರೆ ಕಣಮ್ಮ. ಕೊನೇಗಾಲ್ದಲ್ಲಿ ನಂಗೆ ಉಡ್ಸಿ ಹೋದ್ಲು. ಇದ್ನೂ ನಿಮ್ದೇ ಅಂತೀರಾ?" ಆಕೆ ಕಂಪ್ಯೂಟರಿನ ಕಡೆಗೆ ತಿರುಗಿಕೊಂಡರು. ಅಷ್ಟರಲ್ಲಿ ಕಾವಲಿನವನು ಬಂದು, ಬ್ಯಾನರ್ ಕೊಳೆಯಾಗುತ್ತದೆ ಎಂದು ನಮ್ಮನ್ನು ಹೊರಗೆ ದಾಟಿಸಿದ.

ವಾಪಸು ಬರುವ ರೈಲು ಗುಬ್ಬಿ ದಾಟಿತು. ಅತ್ತೆ, "ಇನ್ಮೇಲೆ ನನ್ನ ಪಟ ತೆಗೀಬೇಡ" ಎಂದರು. ಈಗ ಅವರು ಕಾಯಿ ಒಡೆಯಲು ಅಂಗಳದಲ್ಲಿ ಕೂರುವುದಿಲ್ಲ, ಹಿತ್ತಲಿಗೆ ಹೋಗುತ್ತಾರೆ. ಬೀದಿಯಲ್ಲಿ ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಿದ್ದ ಹೆಂಗಸು, ಯಾರಾದರೂ ಮೊಬೈಲ್ ಎತ್ತಿದರೆ ಸೆರಗು ಎಳೆದುಕೊಳ್ಳುತ್ತಾರೆ. ಇದನ್ನು ನಿಮ್ಮ ನಿಯಮಗಳ ಯಾವ ಕಲಮಿನಡಿ ಹಾಕುತ್ತೀರಿ?

ನಮ್ಮ ಅಂಗಡಿ ತೆರೆಯಿರೆಂದು ನಾನು ಕೇಳುತ್ತಿಲ್ಲ, ಅದನ್ನು ನೀವೇ ಇಟ್ಟುಕೊಳ್ಳಿ. ಆ ಮುಖವನ್ನು ನಿಮ್ಮ ಪುಟದಿಂದ, ಅವರ ಪೊಟ್ಟಣದಿಂದ, ನಿಮ್ಮ ಹಬ್ಬದ ಬಾಗಿಲಿನಿಂದ ಇಳಿಸಿ. ಆ ಪೊಟ್ಟಣ ಕೊಂಡವರಿಗೆಲ್ಲ, ಇದನ್ನು ಮಾರಿದವರು ಈ ಹೆಂಗಸಲ್ಲ ಎಂದು ತಿಳಿಸಿ. ಪುಣೆಯಿಂದ, ನಾಗಪುರದಿಂದ ನಮ್ಮ ಹಳೆಯ ಗ್ರಾಹಕರ ಬೈಗುಳದ ಫೋನುಗಳು ಇನ್ನೂ ಬರುತ್ತಿವೆ. ನೀವು ತಿಳಿಸುವ ತನಕ ನಿಮ್ಮ ಪರವಾಗಿ ಕ್ಷಮೆ ಕೇಳುವ ಹುದ್ದೆಯನ್ನು ನಮ್ಮತ್ತೆ ಸಂಬಳವಿಲ್ಲದೆ ನಿಭಾಯಿಸುತ್ತಿದ್ದಾರೆ.

ಇಂತಿ,
ತನ್ನ ಅತ್ತೆಯನ್ನೇ ಕದ್ದ ಆರೋಪ ಹೊತ್ತಿರುವ
ಶಾಂತಕುಮಾರಿ
ಬಿಳಿಗೆರೆ, ತಿಪಟೂರು ತಾಲ್ಲೂಕು