ದರಗಿನ ಕಾಮನಬಿಲ್ಲು

೨೦ ಜನವರಿ, ಸೋಮವಾರ. ಸಾಗರ

ಇನ್ನೊಂದು ಥರ್ಮಾಕೋಲ್ ಮೋಡ. ಈ ತಿಂಗಳಲ್ಲಿ ಹದಿನಾಲ್ಕನೆಯದು. ಮೋಡಕ್ಕೆ ಹತ್ತಿ, ಕೆಳಗೆ ಜೋತುಬಿದ್ದ ಏಳು ಕ್ರೇಪ್ ಪೇಪರ್ ಪಟ್ಟಿ. ಗೋಡೆಯಲ್ಲಿ ಎತ್ತರಕ್ಕೆ ಹೊಡೆದಿದ್ದರು. ಮಕ್ಕಳು ಮುಟ್ಟಿದರೆ ಹಾಳಾಗುತ್ತದಂತೆ.

ನನ್ನಂಥ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಿಗೆ ಡೆಪ್ಯುಟೇಶನ್. ಸಾಗರ, ಹೊಸನಗರ, ತೀರ್ಥಹಳ್ಳಿ — ಮೂರು ತಾಲ್ಲೂಕಿನ ಎಲ್‌ಕೆಜಿ ಟೀಚರುಗಳಿಗೆ ಬಣ್ಣ ಕಲಿಸುವ ಕೆಲಸ. ಈ ಸಲದ ಸುತ್ತೋಲೆ: ಕಾಮನಬಿಲ್ಲು. ಜನವರಿಯಲ್ಲಿ. ಆಕಾಶ ಪಾತ್ರೆಯ ತಳದ ಹಾಗೆ ಒಣಗಿರುವಾಗ.

ಐವತ್ತೆರಡನೆಯ ವಯಸ್ಸಿಗೆ ಉಳಿದಿರುವುದು ಅಭಿರುಚಿಯೊಂದೇ. ಅದನ್ನಾದರೂ ಉಳಿಸಿಕೊಳ್ಳಬೇಕು.

೨೨ ಜನವರಿ, ಬುಧವಾರ. ಹಾಡಿಮಕ್ಕಿ

ಕೋಣಂದೂರಿನಲ್ಲಿ ಇಳಿದು ಮೂರು ಕಿಲೋಮೀಟರ್ ನಡಿಗೆ. ಒಂದು ಕೋಣೆ, ಹನ್ನೊಂದು ಮಕ್ಕಳು. ಟೀಚರ್ ವರದಾ, ಸಾಗರದ ಕಡೆಯವಳು, ಹೋದ ವರ್ಷ ಸೇರಿದವಳು. ಆಯಾ ಕೆರಿಯಮ್ಮ, ಇದೇ ಊರಿನವಳು. ಮೊಮ್ಮಗಳು ಸುಪ್ರಿಯಾ ಇದೇ ಕ್ಲಾಸಿನಲ್ಲಿದ್ದಾಳೆ.

ಶನಿವಾರ ಇಲ್ಲಿ ಕಲಿಕಾ ಹಬ್ಬ. ವರದಾ ಪೇಪರ್ ಪ್ಲೇಟು, ಮಣಿ, ಹತ್ತಿ ಎಲ್ಲ ಜೋಡಿಸಿಟ್ಟಿದ್ದಳು. ಬೇಡ ಎಂದೆ. ಒಂದು ಚೂರೂ ಕಾಗದ ಬೇಡ. ಉದುರಿದ ಎಲೆ, ಹೂವು — ನೆಲದ ಮೇಲೆ ನಾಲ್ಕು ಮೀಟರಿನ ಬಿಲ್ಲು. ಮಕ್ಕಳೇ ಬಣ್ಣ ಬಣ್ಣ ವಿಂಗಡಿಸಿ ಹಾಸಲಿ.

"ದರಗಾ ಮೇಷ್ಟ್ರೆ?" ಕೆರಿಯಮ್ಮ ನಕ್ಕಳು. ಒಣಗಿ ಉದುರಿದ ಎಲೆಗೆ ಇಲ್ಲಿ ದರಗು ಎನ್ನುತ್ತಾರೆ. "ಅದ್ನ ದನದ ಕಾಲಡಿಗೆ ಹಾಸದು. ಮಕ್ಳಿಗೂ ಅದೇನಾ?"

ಮಧ್ಯಾಹ್ನದೊಳಗೆ ಒಂದು ಗೋಣಿ ತಂದಳು. ಹಲಸಿನೆಲೆಯ ಹಳದಿ. ಕಾಡುಬಾದಾಮಿಯ ಕೆಂಪು. ಮುತ್ತುಗದ ಹೂವು ಕಿತ್ತಳೆ. ಹಸಿರಿಗೆ ಬೇಲಿಯ ಸೊಪ್ಪು. ನೀಲಿಗೆ, ಕಡುನೀಲಿಗೆ ಅಲ್ಲಿಯದೇ ಶಂಖಪುಷ್ಪ. ನೇರಳೆ ಮಾತ್ರ ಇಲ್ಲ.

ಕಾಡುಜೀರಿಗೆಯ ಹೂವು ಆಗಬಹುದು ಎಂದೆ.

"ಕೆರೆ ಮೇಲಿನ ಗುಡ್ಡದಲ್ಲಿ ಐತೆ. ಆದ್ರೆ ಅಲ್ಲೊಂದು ಮಂಗ ಸತ್ ಬಿದ್ದೈತೆ ಮಾರಾಯ್ರೆ. ಮೊನ್ನೆಯಿಂದ ನಾತ."

"ಆಸ್ಪತ್ರೆಗೆ ಹೇಳ್ಬೇಕಲ್ದಾ?" ವರದಾ.

"ಯಾರೋ ಈಡು ಹೊಡ್ದಿರ್ಬಕು ಟೀಚ್ರೆ. ಒಂದು ಬಾಳೆಕಾಯಿ ಉಳಿಸ್ತಿರ್ಲಿಲ್ಲ. ಹೇಳಿದ್ರೆ ಗುಡ್ಡಕ್ಕೆ ಯಾರೂ ಹೋಗಂಗಿಲ್ಲ ಅಂತಾರೆ. ಆಮೇಲೆ ದರಗಿಗೆ ಎಲ್ಲಿ ಹೋಗದು? ನಿಮ್ಮನೆ ಅಂಗಳಕ್ಕಾ?"

ವರದಾ ನನ್ನ ಮುಖ ನೋಡಿದಳು. ಮಂಗ ಬಿದ್ದ ಜಾಗ ಬಿಟ್ಟು ಸುತ್ತು ಹಾಕಿ ಹೋಗಿ ಎಂದೆ ಕೆರಿಯಮ್ಮನಿಗೆ. ನೇರಳೆಯಿಲ್ಲದೆ ಬಿಲ್ಲು ಮುಗಿಯುವುದಿಲ್ಲ.

೨೪ ಜನವರಿ, ಶುಕ್ರವಾರ

ಮುಗಿಯಿತು. ಕಾಡುಜೀರಿಗೆ ನಿನ್ನೆಯೇ ಬಂದಿತ್ತು, ಜೊತೆಗೆ ಇನ್ನೊಂದು ಗೋಣಿ ಎಲೆ. ಮಕ್ಕಳು ಮೊದಲು ಎಲೆಯೊಳಗೆ ಕೂತರು, ಆಮೇಲೆ ವಿಂಗಡಿಸಿದರು. ಹಳದಿ ಎಲ್ಲಿ ಮುಗಿದು ಕಿತ್ತಳೆ ಎಲ್ಲಿ ಶುರು ಎಂದು ಇಬ್ಬರಿಗೆ ಜಗಳ. ಅರ್ಧ ಗಂಟೆ. ಈ ವರ್ಷ ನಾನು ಕಂಡ ನಿಜವಾದ ಪಾಠ ಅದೊಂದೇ.

ನಾನು ಜಗಲಿಯ ಮೇಲೆ ನಿಂತು ಕೋಲಿನಿಂದ ತೋರಿಸುತ್ತಿದ್ದೆ.

ಕೆರಿಯಮ್ಮ ಕತ್ತಿನ ಹಿಂದಿನಿಂದ ಏನೋ ಕಿತ್ತು ಉಗುರಿನ ನಡುವೆ ಹೊಸಕಿದಳು. ಉಣುಗು, ದನದ ಮೈಗೆ ಕಚ್ಚುವ ಉಣ್ಣೆ. "ಇವಕ್ಕೆ ನನ್ ಮೈ ಅಂದ್ರೆ ಮದ್ವೆ ಊಟ."

೨೫ ಜನವರಿ, ಶನಿವಾರ

ಅಧಿಕಾರಿಗಳು ಬಂದರು. ಬಿಲ್ಲಿನ ಸುತ್ತ ಚಪ್ಪಲಿ ಕಳಚಿ ನಡೆದರು. ಯಾರೋ ಫೋಟೋ ತೆಗೆದು ಮೂರು ತಾಲ್ಲೂಕಿನ ಟೀಚರುಗಳ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ. ಸೂಪರ್ ಸರ್. ನ್ಯಾಚುರಲ್ ಸರ್. ಹೆಬ್ಬೆರಳುಗಳು.

ಎರಡು ಸಲ ತೆರೆದು ನೋಡಿದೆ. ಮೂರು ಸಲ.

೩೦ ಜನವರಿ. ಹೊಸನಗರ ಬಸ್ ಸ್ಟ್ಯಾಂಡ್

ವರದಾ ಫೋನು. ಕೆರಿಯಮ್ಮನಿಗೆ ನಿನ್ನೆಯಿಂದ ಜ್ವರ. ತಲೆ ಎತ್ತಲಾಗುತ್ತಿಲ್ಲ, ಕಣ್ಣು ಕೆಂಪಗಾಗಿದೆ.

"ಸರ್, ಅದೇ ಆಗಿದ್ರೆ?"

ಅದು ಎಂದರೇನೆಂದು ಇಬ್ಬರೂ ಹೇಳಲಿಲ್ಲ.

೧ ಫೆಬ್ರವರಿ, ಶನಿವಾರ

ಹೋಗಿದ್ದೆ. ಕೆರಿಯಮ್ಮ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆಶಾ ಕಾರ್ಯಕರ್ತೆ ದೀಪ್ತಿ ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ರಕ್ತ ಆಗಲೇ ಪರೀಕ್ಷೆಗೆ ಹೋಗಿದೆ. ಗೋಡೆಯ ಗೂಡಿನಲ್ಲಿ ದೀಪ್ತಿಯೇ ಕೊಟ್ಟಿದ್ದ ಎಣ್ಣೆಯ ಬಾಟಲಿ, ಸೀಲು ಒಡೆದಿಲ್ಲ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಸವರಬೇಕಾದ ಎಣ್ಣೆ.

"ಮಂಗನ ಕಾಯ್ಲೆ ಅಂತ್ಲೇ ಇಟ್ಕಂಡು ಕೇಳ್ತಿದೀನಿ ಕೆರ್ಯಕ್ಕ. ಸತ್ತ ಮಂಗದ ಮೈಯಿಂದ ಉಣುಗು ದರಗಿಗೆ ಇಳೀತದೆ. ಎಲ್ಲಿಗೆ ಹೋಗಿದ್ದೆ, ಎಲ್ಲಾದ್ರೂ ಮಂಗ ಕಂಡ್ಯಾ?"

"ಹೊಳೆ ಆಚೆ ಗುಡ್ಡಕ್ಕೆ. ಮಂಗ ಗಿಂಗ ಎಂಥದೂ ಕಂಡಿಲ್ಲ."

ದೀಪ್ತಿ ಬರೆದುಕೊಂಡಳು. ಹೊಳೆಯಾಚೆ ಗುಡ್ಡ.

ಅವಳು ಅಂಗಳಕ್ಕೆ ಹೋದ ಮೇಲೆ ಕೆರಿಯಮ್ಮ ಕಣ್ಣು ತೆರೆಯದೆ ಹೇಳಿದಳು: "ಇಸ್ಕೂಲಿಗೆ ತಂದಿದ್ದು ಅಂದ್ರೆ ಬಾಗ್ಲು ಹಾಕ್ತಾರೆ ಮೇಷ್ಟ್ರೆ. ಹನ್ನೊಂದೇ ಮಕ್ಳು. ಒಂದ್ಸಲ ಹಾಕಿದ್ರೆ ತೆಗಿಯಲ್ಲ. ನಂದೂ ಹೋಗ್ತದೆ, ಟೀಚ್ರದೂ ಹೋಗ್ತದೆ."

ನನ್ನ ಜೊತೆ ಬಂದಿದ್ದ ವರದಾ ಅಳುತ್ತಿದ್ದಳು. ನಾನು ಹೂಂ ಎಂದೆ.

ಹೊರಗೆ ದೀಪ್ತಿ ಸ್ಕೂಟಿ ತಿರುಗಿಸುತ್ತಿದ್ದಳು. ನಾಲ್ಕು ಹೆಜ್ಜೆ. ನಡೆಯಲಿಲ್ಲ.

೩ ಫೆಬ್ರವರಿ

ನನ್ನ ಮೈಯನ್ನು ಕನ್ನಡಿಯಲ್ಲಿ ನೋಡಿಕೊಂಡೆ. ಕಂಕುಳು, ಮೊಣಕಾಲ ಸಂದು. ಏನೂ ಇಲ್ಲ. ಇರುವುದಿಲ್ಲ. ನಾನು ಒಂದೆಲೆಯನ್ನೂ ಮುಟ್ಟಿಲ್ಲ.

೬ ಫೆಬ್ರವರಿ

ಪಾಸಿಟಿವ್. ಹೊಳೆಯಾಚೆ ಗುಡ್ಡಕ್ಕೆ ಉಣುಗು ಸಾಯಲೆಂದು ಪೌಡರ್ ಹೊಡೆದರಂತೆ, ಯಾರೂ ಹೋಗಬಾರದೆಂದು ಬೋರ್ಡು ಹಾಕಿದರಂತೆ. ಮಂಗ ಸತ್ತದ್ದು ಕೆರೆ ಮೇಲಿನ ಗುಡ್ಡದಲ್ಲಿ.

ಮಕ್ಕಳಿಗೆ ಇವತ್ತಿನವರೆಗೆ ಏನೂ ಆಗಿಲ್ಲ. ಹದಿಮೂರು ದಿನ. ದಿನಾ ವರದಾಳಿಗೆ ಒಂದೇ ಮೆಸೇಜು: ಹನ್ನೊಂದೂ ಬಂದರಾ? ದಿನಾ ಒಂದೇ ಉತ್ತರ: ಬಂದರು.

ಸಂಜೆ ಗ್ರೂಪಿನಲ್ಲಿ ಹೊಸನಗರದ ಒಂದು ಶಾಲೆಯ ಫೋಟೋ. ಎಲೆಯ ಬಿಲ್ಲು. ನಮ್ಮದಕ್ಕಿಂತ ಉದ್ದ. 'ನಿರಂಜನ ಸರ್ ಅವರ ಸ್ಫೂರ್ತಿ.' ಮಕ್ಕಳು ಎಲೆಯೊಳಗೆ ಮಲಗಿ ನಗುತ್ತಿದ್ದಾರೆ. ಬೆರಳು ಪರದೆಯ ಮೇಲೆ ಇಟ್ಟು ಕೂತೆ. ಏನು ಬರೆಯುವುದು? ಒಂದು ಸಾಲು ಬರೆದರೆ ಎಲ್ಲ ಬರೆಯಬೇಕಾಗುತ್ತದೆ.

ಬಣ್ಣಗಳು ಸರಿಯಾಗಿ ಕೂತಿರಲಿಲ್ಲ. ಅದನ್ನೂ ಗಮನಿಸಿದೆ.

೧೨ ಫೆಬ್ರವರಿ, ಬುಧವಾರ. ಹಾಡಿಮಕ್ಕಿ

ಕೆರಿಯಮ್ಮ ಬಂದಿದ್ದಾಳೆ! ಸಣ್ಣಗಾಗಿದ್ದಾಳೆ, ಗೋಡೆ ಹಿಡಿದು ನಡೆಯುತ್ತಾಳೆ. ಜ್ವರ ಬಿಟ್ಟು ನಾಲ್ಕು ದಿನವಾಯಿತಂತೆ. ಮಕ್ಕಳ ಕೈ ತೊಳೆಸಿದಳು.

"ನಿಮ್ ನೇರಳೆ ನನ್ ಬಿಡ್ತು ಮೇಷ್ಟ್ರೆ. ಮುಂದಿನ ಸಲ ಬಿಳೀದು ಹೇಳಿ. ಅಕ್ಕಿ ತರ್ತಿನಿ."

ನಕ್ಕೆವು, ಮೂವರೂ. ಎಷ್ಟೋ ದಿನದ ಮೇಲೆ ನಗು ಹೊಟ್ಟೆಯಿಂದ ಬಂತು. ಬಸ್ಸಿನಲ್ಲಿ ಲೆಕ್ಕ ಹಾಕಿದೆ — ಆಕೆ ಹುಷಾರಾದಳು, ಮಕ್ಕಳಿಗೆ ಏನೂ ಇಲ್ಲ, ಶಾಲೆ ಉಳಿಯಿತು. ಹೇಳುವ ಅಗತ್ಯವೇ ಈಗ ಉಳಿದಿಲ್ಲ. ತರ್ಕದಲ್ಲಿ ಎಲ್ಲೂ ಬಿರುಕಿಲ್ಲ.

೧೮ ಫೆಬ್ರವರಿ

ಮತ್ತೆ ಜ್ವರ. ಕೆಲವರಿಗೆ ಹೀಗೆ ಬಿಟ್ಟು ಮತ್ತೆ ಬರುತ್ತದಂತೆ. ಎರಡನೆಯ ಸಲ ಮಿದುಳಿಗೆ ಏರುತ್ತದಂತೆ. ಶಿವಮೊಗ್ಗಕ್ಕೆ ಕರೆದೊಯ್ದರು.

೧೯ ಫೆಬ್ರವರಿ

ಶಿವಮೊಗ್ಗಕ್ಕೆ ಹೋದೆ. ದಾರಿಯಲ್ಲಿ ಮಂಡಗದ್ದೆಯ ಪಕ್ಷಿಧಾಮ. ಹಕ್ಕಿಗಳ ಕಾಲವಲ್ಲ. ತುಂಗೆಯ ನಡುವೆ ಬರೀ ಮರ.

ಕೆರಿಯಮ್ಮನಿಗೆ ನನ್ನ ಗುರುತು ಸಿಗಲಿಲ್ಲ. ಕೈ ಸುಮ್ಮನಿರಲಿಲ್ಲ. ಹಾಸಿಗೆಯ ಮೇಲಿಂದ ಏನನ್ನೋ ಒಂದೊಂದಾಗಿ ಎತ್ತಿ ಆಚೆ ಈಚೆ ಇಡುತ್ತಿದ್ದಳು. ಬೆಳ್ಳಗಿನ ಬೆಡ್‌ಶೀಟು. ಆಕೆಯ ಗಂಡ ಜಯಪ್ಪ ಆ ಕೈಯನ್ನು ಹಿಡಿದು ನಿಲ್ಲಿಸುವುದು, ಬಿಟ್ಟ ಕೂಡಲೆ ಅದು ಮತ್ತೆ ಆರಿಸುವುದು.

"ಎಂಥ ಹುಡುಕ್ತಾಳೋ ಏನೋ ಸರ್," ಎಂದ.

೨೧ ಫೆಬ್ರವರಿ

ಬೆಳಿಗ್ಗೆ ನಾಲ್ಕಕ್ಕೆ ಹೋದಳಂತೆ.

೨೪ ಫೆಬ್ರವರಿ, ಸೋಮವಾರ

ಜಯಪ್ಪ ಅಂಗಳದಲ್ಲಿ ಕೂತಿದ್ದ. ನೀರು ಕೊಟ್ಟ. ಸುಪ್ರಿಯಾ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಕಲ್ಲು ಜೋಡಿಸುತ್ತಿದ್ದಳು. ಅವಳ ಪಕ್ಕದಲ್ಲಿ ತುಂಬಿದ ಗೋಣಿ. ಬಾಯಿಂದ ಎಲೆ ಚೆಲ್ಲಿತ್ತು.

ಎಲ್ಲಿಂದ ಎಂದು ಕೇಳಿದೆ.

"ಬೆಳಿಗ್ಗೆ ಸುಷ್ಮಾ ಹೋಗಿದ್ಲು. ಸೊಸೆ, ಈ ಕೂಸಿನ ಅಮ್ಮ. ಸೂತಕ ನಮಗೆ ಸರ್, ದನಕ್ಕಲ್ಲ. ಹೊಳೆ ಆಚೆ ಬೋರ್ಡು ಹಾಕಿದಾರಲ, ಈಗ ಊರೋರೆಲ್ಲ ಕೆರೆ ಮೇಲಿನ ಗುಡ್ಡಕ್ಕೇ ಹೋಗದು."

ಹೇಳಿದೆ. ನಿಂತುಕೊಂಡೇ ಹೇಳಿದೆ — ಮಂಗ ಸತ್ತದ್ದು ಅಲ್ಲಿ. ಕೆರಿಯಮ್ಮ ಹೇಳಿದ್ದಳು. ನೇರಳೆ ಬೇಕೆಂದು ನಾನು ಕಳಿಸಿದೆ.

ಜಯಪ್ಪ ಗೋಣಿಯ ಕಡೆ ನೋಡಿದ. ಕೂಸನ್ನು ಎತ್ತಿ ಈಚೆ ತಂದು ಕೂರಿಸಿದ.

"ಯಾವತ್ತು ಗೊತ್ತಾಯ್ತು ನಿಮಗೆ?"

"ಜನವರಿ ಇಪ್ಪತ್ತೆರಡು."

ಬೆರಳಿನಲ್ಲಿ ಎಣಿಸಿದ. ಎಣಿಕೆ ಒಂದು ಕೈ ದಾಟಿ, ಎರಡು ದಾಟಿ, ಅಲ್ಲಿಗೆ ಬಿಟ್ಟ.

"ನಿಮಗೆ ಬಣ್ಣ ಕಾಣ್ತದೆ ಸರ್," ಎಂದ. "ಬೇರೆ ಎಂಥದೂ ಕಾಣಲ್ಲ."

ದೀಪ್ತಿಗೆ ಅಲ್ಲಿಂದಲೇ ಫೋನು ಮಾಡಿದೆ. ಗ್ರೂಪಿಗೂ ಬರೆದೆ: ಎಲೆ ತರಿಸಬೇಡಿ, ತಂದದ್ದನ್ನು ಮಕ್ಕಳಿಂದ ದೂರವಿಡಿ, ಹೊಸನಗರದ ಶಾಲೆಯವರು ಕೂಡಲೆ ಆಸ್ಪತ್ರೆಗೆ ತಿಳಿಸಿ. ಕಾರಣವನ್ನೂ ಬರೆದೆ. ಒಂದು ಹೆಬ್ಬೆರಳೂ ಬರಲಿಲ್ಲ.

೨೫ ಫೆಬ್ರವರಿ

ಕೆರೆ ಮೇಲಿನ ಗುಡ್ಡಕ್ಕೆ ಬೋರ್ಡು ಬಿತ್ತು. ಹೊಸನಗರದಿಂದ ಸುದ್ದಿ: ಅಲ್ಲಿ ಯಾರಿಗೂ ಏನೂ ಇಲ್ಲ. ಹಾಡಿಮಕ್ಕಿಯ ಶಾಲೆಗೆ ಬೀಗ, 'ತಾತ್ಕಾಲಿಕ'. ವರದಾ ಬ್ಯಾಗು ತುಂಬುತ್ತಿದ್ದಳು, ಫೋನು ಕಿವಿಗೆ ಸಿಕ್ಕಿಸಿಕೊಂಡು ಅಮ್ಮನ ಹತ್ತಿರ: "ಎಂತೂ ಇಲ್ಲೆ, ಬತ್ತೆ." ನನ್ನ ಕಡೆ ತಿರುಗಲಿಲ್ಲ.

ದೀಪ್ತಿ ಒಂದು ಫಾರಂ ಕೊಟ್ಟಳು. ಮಂಗ ಕಂಡ ಸ್ಥಳ, ದಿನಾಂಕ, ಕಂಡವರು. ಕೊನೆಯ ಕಾಲಂ: ವರದಿ ತಡವಾದುದಕ್ಕೆ ಕಾರಣ. 'ಮರೆವು' ಎಂದು ಬರೆದು ಹೊಡೆದುಹಾಕಿದೆ.

"ಖಾಲಿ ಬಿಡಿ ಸರ್. ಅದನ್ನ ಯಾರೂ ಓದಲ್ಲ."

ನಿನ್ನೆ ದೀಪ್ತಿ ಸುಷ್ಮಾಳ ಬೆನ್ನಿನಿಂದ ಎರಡು ಉಣುಗು ಕಿತ್ತಿದ್ದಳಂತೆ. "ಒಂದು ವಾರ ನೋಡ್ಬೇಕು. ವಾರ ದಾಟಿದ್ರೆ ಉಸ್ರು ಬಿಡಬಹುದು. ದಿನಾ ಟೆಂಪರೇಚರ್ ನೋಡಿ ಬರೆದಿಡಿ ಅಂದ್ರೆ ಆ ಮನೇಲಿ ಯಾರೂ ಕೇಳೋ ಸ್ಥಿತೀಲಿಲ್ಲ. ನೀವು ಎಂಥಾದ್ರೂ ಮಾಡಿ. ಚಾರ್ಟು ಗೀರ್ಟು."

ಮಾಡಿದೆ. ವರದಾ ಬಿಟ್ಟುಹೋದ ಪೇಪರ್ ಪ್ಲೇಟಿನ ಮೇಲೆ ಏಳು ಚೌಕ. ಜ್ವರ ಇಲ್ಲದ ದಿನ ಸುಪ್ರಿಯಾ ಒಂದನ್ನು ತುಂಬಬೇಕು. ಕೆಂಪಿನಿಂದ ಶುರು. ಅಂಚಿಗೆ ಹತ್ತಿಯ ಮೋಡವನ್ನೂ ಅಂಟಿಸಿದೆ. ಕೂಸಿಗೆ ಅದೇ ಇಷ್ಟ.

ಜಯಪ್ಪ ಬೇಡ ಎನ್ನಲಿಲ್ಲ. ಬನ್ನಿ ಎಂದೂ ಅನ್ನಲಿಲ್ಲ. ಸುಷ್ಮಾ ಥರ್ಮಾಮೀಟರ್ ಬಾಯಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ತೊಂಬತ್ತೆಂಟು. ಕೆಂಪು ತುಂಬಿತು.

೨೬ ಫೆಬ್ರವರಿ. ಶಿವರಾತ್ರಿ

ಕಿತ್ತಳೆ.

೨೮ ಫೆಬ್ರವರಿ

ನಿನ್ನೆ ಹಳದಿ, ಇವತ್ತು ಹಸಿರು. ಗೆರೆ ದಾಟದೆ ತುಂಬುತ್ತಾಳೆ. ಹೇಳಿಕೊಟ್ಟವರು ಯಾರೆಂದು ಕೇಳಿದೆ. "ಅಜ್ಜಿ."

ಡೆಪ್ಯುಟೇಶನ್ ರದ್ದಾದ ಪತ್ರ ಬಂದಿದೆ. ವಿಚಾರಣೆಯಂತೆ. ಮಡಿಸಿ ಇಟ್ಟೆ. ಕೋಣಂದೂರಿನ ಲಾಡ್ಜಿನಲ್ಲೇ ಇದ್ದೇನೆ. ದಿನಾ ಮೂರು ಕಿಲೋಮೀಟರ್.

೧ ಮಾರ್ಚ್

ನೀಲಿ. ತೊಂಬತ್ತೆಂಟು ಪಾಯಿಂಟ್ ಎರಡು. ಸುಷ್ಮಾ ಮೊದಲ ಸಲ ಮಾತಾಡಿದಳು: "ಸರ್, ಇದು ಮುಗಿದ್ಮೇಲೆ ನೀವು ಬರ್ಬೇಡಿ."

ಸರಿ ಎಂದೆ.

೨ ಮಾರ್ಚ್, ಭಾನುವಾರ

ಕಡುನೀಲಿ. ಆರು. ಸುಪ್ರಿಯಾ ಬಣ್ಣದ ಕಡ್ಡಿಗಳ ಡಬ್ಬಿ ಬೋರಲು ಹಾಕಿ ತೋರಿಸಿದಳು. "ನೇರ್ಳೆ ಇಲ್ಲ ಸಾರ್."

ಕೋಣಂದೂರಿನ ಅಂಗಡಿಯಲ್ಲಿ ಬಿಡಿಯಾಗಿ ಕೊಡುವುದಿಲ್ಲ. ಇಡೀ ಪೆಟ್ಟಿಗೆ ತಂದೆ. ಇಪ್ಪತ್ತನಾಲ್ಕು ಬಣ್ಣ. ಅದರಲ್ಲಿ ಎರಡು ನೇರಳೆ.

೩ ಮಾರ್ಚ್, ಸೋಮವಾರ. ಬೆಳಿಗ್ಗೆ ೮.೪೦

ಅವರ ಜಗಲಿಯಲ್ಲೇ ಕೂತು ಬರೆಯುತ್ತಿದ್ದೇನೆ. ಏಳನೆಯ ದಿನ. ಒಳಬಾಗಿಲು ಅರ್ಧ ಮುಚ್ಚಿದೆ. ಸುಷ್ಮಾ ಇನ್ನೂ ಎದ್ದಿಲ್ಲ.

"ತಲೆನೋವಂತೆ," ಎಂದ ಜಯಪ್ಪ. ಕಂಬಕ್ಕೆ ಒರಗಿ ನಿಂತಿದ್ದಾನೆ. "ಅತ್ತು ಅತ್ತು ಬಂದಿರ್ತದೆ. ಅಲ್ದಾ ಸರ್? ಅತ್ರೂ ಬರ್ತದಲ್ದಾ?"

ದೀಪ್ತಿಗೆ ಫೋನು ಮಾಡಿದೆ. ಹೊರಟಿದ್ದಾಳೆ. ಥರ್ಮಾಮೀಟರ್ ಒಳಗೆ ಹೋಗಿದೆ, ಇನ್ನೂ ಹೊರಗೆ ಬಂದಿಲ್ಲ. ಒಂದು ನಿಮಿಷ ಸಾಕಲ್ಲ. ಎರಡಾಯಿತು.

ಸುಪ್ರಿಯಾ ಹೊಸ ಪೆಟ್ಟಿಗೆ ಬಿಚ್ಚಿ ನೇರಳೆ ಕಡ್ಡಿ ಆರಿಸಿದ್ದಾಳೆ. ಪ್ಲೇಟು ತೊಡೆಯ ಮೇಲಿದೆ. ಕಡ್ಡಿಯ ತುದಿ ಚೌಕದ ಮೇಲೆ, ಮುಟ್ಟಿಸದೆ ಹಿಡಿದು ನನ್ನನ್ನು ನೋಡುತ್ತಿದ್ದಾಳೆ.

"ತುಂಬ್ಲಾ ಸಾರ್?"

ನಾನು ತಡೆ ಎಂದೆ, ಥರ್ಮಾಮೀಟರ್ ಹೊರಗೆ ಬರಲಿ.